ಲ್ಯಾಪ್‌ಟಾಪ್ ಇರಲಿ, ಮೊದಲು ನಿಮ್ಮ ಕಥೆಗಳನ್ನು ಉಳಿಸಿಕೊಳ್ಳಿ

ಪ್ರಶ್ನೆ: ನಾನು ತೀರ್ಥಹಳ್ಳಿ ಕಡೆಯ ನಿವೃತ್ತ ಶಿಕ್ಷಕಿ. 2017ರಲ್ಲಿ ಕೊಂಡ ಲ್ಯಾಪ್‌ಟಾಪ್ ಇದೆ. ಇಂಟೆಲ್ ಐ3-6006ಯು ಪ್ರೊಸೆಸರ್, 4 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10. ತುಂಬಾ ನಿಧಾನ, ಆದರೆ ಕೆಟ್ಟಿಲ್ಲ. ಈಗ ವಿಂಡೋಸ್ 10ಕ್ಕೆ ಅಪ್‌ಡೇಟ್ ಬರಲ್ಲ, ವಿಂಡೋಸ್ 11 ಈ ಲ್ಯಾಪ್‌ಟಾಪಿಗೆ ಆಗಲ್ಲ ಅಂತ ಪರದೆ ಮೇಲೆ ಬರುತ್ತಿದೆ. ಅಂಗಡಿಯವರು ಹೊಸದು ತಗೊಳ್ಳಿ ಅನ್ನುತ್ತಾರೆ. ಪಕ್ಕದ ಊರಿನ ಹುಡುಗನೊಬ್ಬ ಐನೂರು ರೂಪಾಯಿಗೆ ವಿಂಡೋಸ್ 11 ಹಾಕಿಕೊಡ್ತೀನಿ ಅನ್ನುತ್ತಾನೆ. ಮಗ ಫೋನ್ ಮಾಡಿದಾಗಲೆಲ್ಲ ‘ಲಿನಕ್ಸ್ ಹಾಕಮ್ಮ’ ಅನ್ನುತ್ತಾನೆ. ನಾನು ಮಾಡುವುದು ಇಷ್ಟೇ: ವರ್ಡ್‌ನಲ್ಲಿ ನುಡಿ (ಕನ್ನಡ ಟೈಪಿಂಗ್ ತಂತ್ರಾಂಶ) ಹಾಕಿಕೊಂಡು ಕಥೆ, ಲೇಖನ ಟೈಪ್ ಮಾಡುವುದು, ಮೇಲ್, ಬ್ಯಾಂಕ್, ಯೂಟ್ಯೂಬ್, ಆಗಾಗ ಪ್ರಿಂಟ್. ಯಾರ ಮಾತು ಕೇಳಲಿ?

ಉತ್ತರ: ಮೇಡಂ, ಮಗನ ಮಾತು ಕೇಳಿ, ವಿಂಡೋಸ್ ಬದಲು ಉಚಿತವಾಗಿ ಸಿಗುವ ಲಿನಕ್ಸ್ ಹಾಕಿಕೊಳ್ಳಿ. ಆದರೆ ಇವತ್ತೇ ಬೇಡ. ‘ನುಡಿ ಹಾಕಿಕೊಂಡು ಟೈಪ್ ಮಾಡುವುದು’ ಅಂತ ನೀವು ನಡುವೆ ಒಂದು ಮಾತು ಹೇಳಿ ಮುಂದೆ ಹೋಗಿದ್ದೀರಿ. ನನಗೆ ಲ್ಯಾಪ್‌ಟಾಪಿಗಿಂತ ಅದರ ಚಿಂತೆಯೇ ಜಾಸ್ತಿ. ಅದಕ್ಕೆ ಬರುತ್ತೇನೆ. ಮೊದಲು ಪರದೆ ಮೇಲೆ ಬರುತ್ತಿರುವ ಹೆದರಿಕೆಯ ವಿಷಯ ಮುಗಿಸೋಣ.

ವಿಂಡೋಸ್ 10 ಹೊರಬಂದದ್ದು 2015ರ ಜುಲೈನಲ್ಲಿ. ಆ ವರ್ಷ ಮೈಕ್ರೋಸಾಫ್ಟ್‌ನವರೇ ಒಬ್ಬರು ಸಮ್ಮೇಳನದ ವೇದಿಕೆಯಲ್ಲಿ ‘ಇದೇ ಕೊನೆಯ ವಿಂಡೋಸ್’ ಎಂಬ ಅರ್ಥದ ಮಾತಾಡಿದ್ದರು. ಜನ ನಂಬಿದರು. 2021ರ ಅಕ್ಟೋಬರ್‌ನಲ್ಲಿ ವಿಂಡೋಸ್ 11 ಬಂತು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲ ನಿಂತಿತು. ಬೆಂಬಲ ನಿಂತಿತು ಅಂದರೆ ಲ್ಯಾಪ್‌ಟಾಪ್ ನಿಂತುಹೋಗುತ್ತದೆ ಅಂತಲ್ಲ. ಇನ್ನು ಮುಂದೆ ಅದರಲ್ಲಿ ಯಾವುದಾದರೂ ಭದ್ರತಾ ದೋಷ ಸಿಕ್ಕರೆ ಅದನ್ನು ಮುಚ್ಚುವ ತೇಪೆ ಬರುವುದಿಲ್ಲ ಅಂತ.

ಬರದಿದ್ದರೆ ಏನಾಗುತ್ತೆ ಅನ್ನುವವರಿಗೆ 2017ರ ಮೇ ತಿಂಗಳ ವನ್ನಾಕ್ರೈ ದಾಳಿ ನೆನಪಿಸುತ್ತೇನೆ. ಆ ದೋಷಕ್ಕೆ ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ತೇಪೆ ಕೊಟ್ಟಿತ್ತು. ಹಾಕಿಕೊಳ್ಳದವರ ಕಡತಗಳಿಗೆಲ್ಲ ಬೀಗ ಬಿತ್ತು, ತೆಗೆಯಲು ದುಡ್ಡು ಕೇಳಿದರು. ಬ್ರಿಟನ್ನಿನಲ್ಲಿ ಸರ್ಕಾರಿ ಆಸ್ಪತ್ರೆಗಳ ಕೆಲಸವೇ ನಿಂತಿತು. ನೀವು ಬ್ಯಾಂಕ್ ವ್ಯವಹಾರ ಮಾಡುವ ಲ್ಯಾಪ್‌ಟಾಪ್ ಇದು. ‘ನಡೆಯೋವರೆಗೂ ನಡೀಲಿ’ ಅಂತ ಬಿಡುವ ಹಾಗಿಲ್ಲ.

ಹಾಗಂತ ಗಾಬರಿಯೂ ಬೇಡ. ಮನೆ ಬಳಕೆಯವರಿಗೆ ಒಂದು ವರ್ಷದ ವಿಸ್ತರಣೆ ಇದೆ, 2026ರ ಅಕ್ಟೋಬರ್ 13ರವರೆಗೆ. ಸೆಟ್ಟಿಂಗ್ಸ್‌ನಲ್ಲಿ ವಿಂಡೋಸ್ ಅಪ್‌ಡೇಟ್ ಪುಟ ತೆರೆಯಿರಿ, ನೋಂದಣಿಯ ಕೊಂಡಿ ಅಲ್ಲೇ ಇರುತ್ತದೆ. ಮೈಕ್ರೋಸಾಫ್ಟ್ ಖಾತೆ ಬೇಕು. ವಿಂಡೋಸ್ 10ರ ಕೊನೆಯ ಆವೃತ್ತಿ, ಅಂದರೆ 22ಎಚ್2, ಇರಬೇಕು. ಲ್ಯಾಪ್‌ಟಾಪಿನ ಸೆಟ್ಟಿಂಗ್‌ಗಳನ್ನು ಆ ಖಾತೆಗೆ ಬ್ಯಾಕಪ್ ಮಾಡಲು ಒಪ್ಪಿದರೆ ದುಡ್ಡು ಕೊಡಬೇಕಾಗಿಲ್ಲ. ಇಲ್ಲದಿದ್ದರೆ 30 ಡಾಲರ್. ಉಚಿತದ್ದನ್ನೇ ಮಾಡಿಕೊಳ್ಳಿ, ಇವತ್ತೇ. ಮುಂದೆ ನಾನು ಹೇಳುವ ಕೆಲಸಗಳನ್ನು ನಿಧಾನವಾಗಿ ಮಾಡಲು ಸಮಯ ಸಿಗುತ್ತದೆ.

ಈಗ ಐನೂರು ರೂಪಾಯಿಯ ಹುಡುಗ. ಅವನು ಸುಳ್ಳು ಹೇಳುತ್ತಿಲ್ಲ. ವಿಂಡೋಸ್ 11ರ ತಪಾಸಣೆಯನ್ನು ದಾಟಿಸಿ ಹಾಕುವ ದಾರಿಗಳಿವೆ, ನಿಮ್ಮ ಲ್ಯಾಪ್‌ಟಾಪಿನಲ್ಲಿ ಅದು ಓಡುತ್ತದೆ ಕೂಡ. ಆದರೆ ಅಂಥ ಲ್ಯಾಪ್‌ಟಾಪುಗಳಿಗೆ ಅಪ್‌ಡೇಟ್ ಕೊಡುವ ಭರವಸೆಯನ್ನು ಮೈಕ್ರೋಸಾಫ್ಟ್ ಕೊಡುವುದಿಲ್ಲ. ಪ್ರತಿ ವರ್ಷದ ದೊಡ್ಡ ಅಪ್‌ಡೇಟ್ ತಾನಾಗಿ ಬರಲ್ಲ, ಮತ್ತೆ ಅವನನ್ನೇ ಕರೆಯಬೇಕು. ಇನ್ನೊಂದು ಮಾತು ಅವನನ್ನು ಕೇಳಿ: ‘ಆಕ್ಟಿವೇಟ್ ಹೇಗೆ ಮಾಡ್ತೀಯಪ್ಪ?’ ಆಕ್ಟಿವೇಟರ್ ಅಂತ ಒಂದು ಸಣ್ಣ ಪ್ರೋಗ್ರಾಂ ಓಡಿಸುತ್ತೇನೆ, ಅದಕ್ಕೆ ಆಂಟಿವೈರಸ್ ಸ್ವಲ್ಪ ಹೊತ್ತು ಆಫ್ ಮಾಡಬೇಕು ಅಂದರೆ ಬೇಡವೇ ಬೇಡ. ಕಾವಲು ತೆಗೆಸಿ ಒಳಗೆ ಬಿಟ್ಟುಕೊಂಡ ಆ ಪ್ರೋಗ್ರಾಂ ಜೊತೆ ಇನ್ನೇನು ಬಂತು ಅಂತ ನಿಮಗೂ ಗೊತ್ತಾಗಲ್ಲ, ಅವನಿಗೂ ಗೊತ್ತಾಗಲ್ಲ. ಲ್ಯಾಪ್‌ಟಾಪ್ ಕೊಂಡಾಗ ಅಸಲಿ ವಿಂಡೋಸ್ 10 ಬಂದಿದ್ದರೆ ಅದರ ಪರವಾನಗಿಯೇ 11ಕ್ಕೂ ನಡೆಯುತ್ತದೆ. ಕದ್ದದ್ದು ಬೇಕಾಗಿಯೇ ಇಲ್ಲ.

ವಿಂಡೋಸ್ 11 ಏಕೆ ಆಗಲ್ಲ ಅಂದರೆ, ಇಂಟೆಲ್ ಪ್ರೊಸೆಸರ್ ಆದರೆ ಬಹುಪಾಲು ಎಂಟನೇ ಪೀಳಿಗೆಯಿಂದ ಈಚಿನದು ಮಾತ್ರ ಮೈಕ್ರೋಸಾಫ್ಟ್ ಪಟ್ಟಿಯಲ್ಲಿದೆ. ನಿಮ್ಮದು ಆರನೆಯದು. ಟಿಪಿಎಂ ಎಂಬ ಭದ್ರತಾ ಅಂಶ ಬೇಕು ಅನ್ನುತ್ತಾರೆ. ನಿಮ್ಮ ಪೀಳಿಗೆಯ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಅದು ಇದೆ, ಬಯೋಸ್‌ನಲ್ಲಿ (ಲ್ಯಾಪ್‌ಟಾಪಿನ ಮೂಲ ಸೆಟ್ಟಿಂಗ್‌ಗಳ ಪುಟ) ಆನ್ ಮಾಡಿದರೆ ಸಾಕು. ಆದರೂ ಪ್ರೊಸೆಸರ್ ಪಟ್ಟಿಯಲ್ಲಿಲ್ಲದ ಕಾರಣ ಬಾಗಿಲು ಮುಚ್ಚಿದೆ. ಕಂಪನಿ ಕೊಡುವ ಕಾರಣ ಪೂರ್ತಿ ಸುಳ್ಳೂ ಅಲ್ಲ. ಮೆಮೊರಿಯನ್ನು ಕಾಯುವ ಒಂದು ಭದ್ರತಾ ವ್ಯವಸ್ಥೆಗೆ ಬೇಕಾದ ಸೌಲಭ್ಯ ಇಂಟೆಲ್ ಚಿಪ್ಪಿನಲ್ಲಿ ಬಂದದ್ದೇ ಏಳನೇ ಪೀಳಿಗೆಯಿಂದ. ಅದಕ್ಕೂ ಹಿಂದಿನವುಗಳಲ್ಲಿ ಆ ಕಾವಲು ಹಾಕಿದರೆ ವೇಗ ಬೀಳುತ್ತದೆ. ಸರಿ, ಹಾಗಿದ್ದರೆ ಹಳೆಯ ಲ್ಯಾಪ್‌ಟಾಪುಗಳಲ್ಲಿ ಅದನ್ನು ಆಫ್ ಮಾಡಿ, ಉಳಿದದ್ದನ್ನು ಕೊಡಬಹುದಿತ್ತು. ಕೊಡಲಿಲ್ಲ. ಜಗತ್ತಿನಾದ್ಯಂತ ಚೆನ್ನಾಗಿ ಓಡುತ್ತಿದ್ದ ಕೋಟಿಗಟ್ಟಲೆ ಕಂಪ್ಯೂಟರುಗಳು ಒಂದು ತೀರ್ಮಾನದಿಂದ ‘ಹಳೆಯವು’ ಆಗಿಬಿಟ್ಟವು. ನನಗೆ ಇದು ಸರಿ ಅನ್ನಿಸುವುದಿಲ್ಲ. ಎಷ್ಟೋ ಮನೆಗಳಲ್ಲಿ ಲ್ಯಾಪ್‌ಟಾಪ್ ಅಂದರೆ ಒಂದೆರಡು ತಿಂಗಳ ಸಂಬಳ.

ಅಂಗಡಿಯವರ ಮಾತಿಗೆ ಬರೋಣ. ಹೊಸದು ತಗೊಳ್ಳಿ ಅನ್ನಲು ಅವರು ತೋರಿಸುವ ಕಾರಣ ನಿಧಾನ, ಅಲ್ವಾ? ಒಂದು ಪರೀಕ್ಷೆ ಮಾಡಿ. ಲ್ಯಾಪ್‌ಟಾಪ್ ಆನ್ ಮಾಡಿದ ಕೂಡಲೇ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅಲ್ಲಿ ಸಿಪಿಯು, ಮೆಮೊರಿ, ಡಿಸ್ಕ್ ಅಂತ ಕಂಬಸಾಲುಗಳಿರುತ್ತವೆ. ಡಿಸ್ಕ್ ಕೆಳಗೆ 100% ಅಂತ ಕೆಂಪಾಗಿ ನಿಂತುಬಿಟ್ಟಿರುತ್ತದೆ, ಸಿಪಿಯು ಸುಮ್ನೆ ಕಾಯುತ್ತಿರುತ್ತದೆ. ನಿಮ್ಮ ಲ್ಯಾಪ್‌ಟಾಪಿನ ತೊಂದರೆ ಪ್ರೊಸೆಸರ್ ಅಲ್ಲ, ಒಳಗೆ ತಿರುಗುವ ಹಾರ್ಡ್ ಡಿಸ್ಕ್. ಒಂದು ಸಣ್ಣ ತುಣುಕು ಮಾಹಿತಿ ಹುಡುಕಲು ಅದರ ಮುಳ್ಳು ಸರಿದಾಡಬೇಕು. ಪ್ರತಿ ಸಲ ಹತ್ತು-ಹದಿನೈದು ಮಿಲಿಸೆಕೆಂಡ್ ಹೋಗುತ್ತದೆ. ಹಾರ್ಡ್ ಡಿಸ್ಕ್ ಬದಲು ಹಾಕಬಹುದಾದ ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ. ಅದೇ ಕೆಲಸ ಮಿಲಿಸೆಕೆಂಡಿನ ಹತ್ತನೇ ಒಂದು ಭಾಗದಲ್ಲೋ ಅದಕ್ಕೂ ಬೇಗನೋ ಮುಗಿಯುತ್ತದೆ.

ಆದ್ದರಿಂದ ದುಡ್ಡು ಹಾಕುವುದಾದರೆ 2.5 ಇಂಚಿನ ಸಾಟಾ ಎಸ್‌ಎಸ್‌ಡಿಗೆ ಹಾಕಿ. 256 ಜಿಬಿ ಸಾಕು. ಆಮೇಲೆ ಇನ್ನೊಂದು 4 ಜಿಬಿ ರ‍್ಯಾಮ್. ಇದರಲ್ಲಿ ಸ್ವಲ್ಪ ಎಚ್ಚರ ಬೇಕು. ನಿಮ್ಮ ಪ್ರೊಸೆಸರಿನ ಲ್ಯಾಪ್‌ಟಾಪುಗಳು ಎರಡು ಬಗೆಯ ರ‍್ಯಾಮ್‌ನೊಂದಿಗೆ ಬಂದಿವೆ, ಡಿಡಿಆರ್3ಎಲ್ ಮತ್ತು ಡಿಡಿಆರ್4. ಒಂದರ ಜಾಗಕ್ಕೆ ಇನ್ನೊಂದು ಕೂರುವುದಿಲ್ಲ, ಹಿಂಬದಿ ಬಿಚ್ಚಿ ನೋಡಿಯೇ ತರಿಸಿ. ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದ 2025ರ ಕೊನೆಯಿಂದ ಹೊಸ ರ‍್ಯಾಮ್ ಬೆಲೆ ಏರಿದೆ. ಕಳಚಿದ ಹಳೆಯ ರ‍್ಯಾಮ್ ಸಿಕ್ಕರೂ ಪರವಾಗಿಲ್ಲ, ರ‍್ಯಾಮ್ ಸುಲಭಕ್ಕೆ ಸವೆಯುವ ವಸ್ತುವಲ್ಲ. ಮಗ ಬೆಂಗಳೂರಿನಲ್ಲಿದ್ದರೆ ಎಸ್‌ಪಿ ರಸ್ತೆಯಲ್ಲಿ ವಿಚಾರಿಸಲಿ. ಬಿಚ್ಚಿದಾಗ ಬ್ಯಾಟರಿ ಉಬ್ಬಿದೆಯಾ ಅಂತಲೂ ನೋಡಿಸಿ. ಟಚ್‌ಪ್ಯಾಡ್ ಮೇಲೆದ್ದ ಹಾಗೆ ಕಂಡರೆ ಉಬ್ಬಿರುತ್ತದೆ. ಅದನ್ನು ಮಾತ್ರ ತಡಮಾಡದೆ ಬದಲಿಸಿ.

ಈಗ ನಿಮ್ಮ ಕಥೆಗಳು.

ನೀವು ವರ್ಷಗಟ್ಟಲೆ ನುಡಿಯಲ್ಲಿ ಟೈಪ್ ಮಾಡಿದ್ದೀರಿ. ಅದರಲ್ಲಿ ಯಾವುದಾದರೂ ಒಂದು ಹಳೆಯ ಕಡತ ತೆರೆದು, ಒಂದು ಸಾಲು ಕಾಪಿ ಮಾಡಿ, ನೋಟ್‌ಪ್ಯಾಡ್‌ನಲ್ಲಿ ಪೇಸ್ಟ್ ಮಾಡಿ ನೋಡಿ. ಕನ್ನಡವಾಗಿಯೇ ಬಂದರೆ ಅದು ಯೂನಿಕೋಡ್, ಅಂದರೆ ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಪದ್ಧತಿ. ನೀವು ಗೆದ್ದಿರಿ. ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು, ಚಿಹ್ನೆಗಳು ಬಂದರೆ ಅದು ಆಸ್ಕಿ. ಫಾಂಟ್ ಹೆಸರಿನ ಜಾಗದಲ್ಲಿ ‘ನುಡಿ 01 ಇ’ ಅಂತಿದ್ದರೂ ಆಸ್ಕಿಯೇ.

ಆಸ್ಕಿ ಕಡತದಲ್ಲಿ ನೀವು ‘ಕನ್ನಡ’ ಅಂತ ಟೈಪ್ ಮಾಡಿದಾಗ ಒಳಗೆ ಉಳಿಯುವುದು ಕನ್ನಡವಲ್ಲ. ಇಂಗ್ಲಿಷಿನ ಪಿ, ತಲೆಯ ಮೇಲೆ ಗೀಟಿರುವ ಎ, ಬ್ರಿಟನ್ನಿನ ಪೌಂಡ್ ಗುರುತು, ಮತ್ತೆ ಗೀಟಿನ ಎ, ಜರ್ಮನ್ ಭಾಷೆಯ ಒಂದು ಅಕ್ಷರ, ಕ್ಯೂ, ಮತ್ತೆ ಗೀಟಿನ ಎ. ಇವನ್ನು ನುಡಿ ಫಾಂಟ್ ಕನ್ನಡದ ಚಿತ್ರಗಳಾಗಿ ತೋರಿಸುತ್ತದೆ. ಫಾಂಟ್ ಇರುವವರೆಗೆ ಕಥೆ. ಫಾಂಟ್ ಇಲ್ಲದ ಕಡೆ ಅದು ಓದಲಾಗದ ಗೀಚು. ಆ ಕಡತದೊಳಗೆ ‘ಕುವೆಂಪು’ ಅಂತ ಹುಡುಕಿದರೆ ಫೋನಿಗೆ ಸಿಗಲ್ಲ, ಗೂಗಲ್‌ಗೂ ಸಿಗಲ್ಲ.

ನುಡಿಯನ್ನು, ಅದರಂಥದೇ ಇನ್ನೊಂದು ತಂತ್ರಾಂಶ ‘ಬರಹ’ವನ್ನು ಮಾಡಿದವರನ್ನು ಇದಕ್ಕೆ ದೂರುವುದು ಅನ್ಯಾಯ. ವಿಂಡೋಸ್‌ಗೆ ಕನ್ನಡ ಬಂದದ್ದೇ 2001ರ ಎಕ್ಸ್‌ಪಿಯಿಂದ. ಅದಕ್ಕೂ ಮುಂಚೆ ಕನ್ನಡ ಮೂಡಿಸಲು ಬೇರೆ ದಾರಿ ಇರಲಿಲ್ಲ. ಅಚ್ಚಿನ ಮನೆಗಳು ಪುಟ ಜೋಡಿಸಲು ನೆಚ್ಚಿಕೊಂಡಿದ್ದ ಪೇಜ್‌ಮೇಕರ್‌ಗೆ ಯೂನಿಕೋಡ್ ಕನ್ನಡ ಬರುತ್ತಿರಲಿಲ್ಲ. 2001ರ 7.0 ಆದಮೇಲೆ ಅಡೋಬಿ ಹೊಸ ಪೇಜ್‌ಮೇಕರ್ ತರಲೇ ಇಲ್ಲ. ಅದರ ಬದಲಿಯಾದ ಇನ್‌ಡಿಸೈನ್‌ಗೆ ಕನ್ನಡ ಸರಿಯಾಗಿ ಬಂದದ್ದು 2012ರ ಹೊತ್ತಿಗೆ. ಇಷ್ಟು ವರ್ಷ ಒಂದು ಭಾಷೆಯ ಬರಹಗಾರರು ಹೊರದೇಶದ ಒಂದು ಕಂಪನಿಯ ಪಟ್ಟಿಯಲ್ಲಿ ತಮ್ಮ ಸರದಿ ಬರಲಿ ಅಂತ ಕಾದರು. ಆ ಕಾಲದ ಬರವಣಿಗೆ ಈಗಲೂ ಸಾವಿರಾರು ಮನೆಗಳ ಕಂಪ್ಯೂಟರಿನಲ್ಲಿ ಆಸ್ಕಿಯಾಗಿಯೇ ಕೂತಿದೆ. ಹಳೆಯ ಕಂಪ್ಯೂಟರ್ ಗುಜರಿಗೆ ಹೋದಾಗ ಅದೂ ಹೋಗುತ್ತದೆ. ನನ್ನನ್ನು ನಿಜಕ್ಕೂ ಕಾಡುವ ಸಂಗತಿ ಇದು.

ಆದ್ದರಿಂದ ವಿಂಡೋಸ್ ಇನ್ನೂ ಓಡುತ್ತಿರುವಾಗಲೇ, ನುಡಿ ಫಾಂಟ್ ಇನ್ನೂ ಅದರಲ್ಲಿರುವಾಗಲೇ, ಈ ಕೆಲಸ ಮುಗಿಸಿ. ಮೊದಲು ಪ್ರತಿ ಕಥೆಯನ್ನೂ ವರ್ಡ್‌ನಿಂದ ಪಿಡಿಎಫ್ ಆಗಿ ಉಳಿಸಿ. ಪಿಡಿಎಫ್ ಒಳಗೆ ಫಾಂಟ್ ಕೂಡ ಸೇರಿಕೊಳ್ಳುತ್ತದೆ, ಎಲ್ಲಿ ತೆರೆದರೂ ಕಣ್ಣಿಗೆ ಸರಿಯಾಗಿ ಕಾಣುತ್ತದೆ. ಒಳಗಿನ ಅಕ್ಷರ ಮಾತ್ರ ಆಸ್ಕಿಯೇ. ಆದ್ದರಿಂದ ಇದು ಕೊನೆಯ ರೂಪವಲ್ಲ, ಹೋಲಿಸಿ ನೋಡಲು ಬೇಕಾದ ಮೂಲ ಪ್ರತಿ. ಆಮೇಲೆ ಯೂನಿಕೋಡ್‌ಗೆ ಬದಲಿಸಿ. ನುಡಿಯ ಹೊಸ ಆವೃತ್ತಿಗಳಲ್ಲಿ ಪರಿವರ್ತಕ ಇದೆ, ಬರಹದಲ್ಲೂ ಇದೆ. ಕನ್ನಡದ ಹುಡುಗರು ಮಾಡಿಟ್ಟ ಉಚಿತ ಪರಿವರ್ತಕಗಳು ಬ್ರೌಸರ್‌ನಲ್ಲೂ ಸಿಗುತ್ತವೆ.

ಬದಲಿಸಿದ ಮೇಲೆ ಪಿಡಿಎಫ್ ಪಕ್ಕದಲ್ಲಿಟ್ಟುಕೊಂಡು ಓದಿ. ನೀವು ಉತ್ತರಪತ್ರಿಕೆ ತಿದ್ದಿದವರು, ನಿಮಗೆ ಇದು ಕಷ್ಟವಲ್ಲ. ತಪ್ಪು ಎಲ್ಲಿ ಬರುತ್ತದೆ ಅಂತ ಹೇಳುತ್ತೇನೆ. ಮೊದಲನೆಯದು ಅರ್ಕಾವತ್ತು. ‘ಸೂರ್ಯ’ ಎಂಬ ಪದದಲ್ಲಿ ಆಸ್ಕಿ ಕಡತ ಮೊದಲು ‘ಯ’ ಇಟ್ಟು ಆಮೇಲೆ ಅರ್ಕಾವತ್ತು ಇಡುತ್ತದೆ. ಯೂನಿಕೋಡ್‌ನಲ್ಲಿ ನಾವು ಉಚ್ಚರಿಸುವ ಹಾಗೆ ‘ರ್’ ಮೊದಲು ಬರಬೇಕು. ಒಳ್ಳೆಯ ಪರಿವರ್ತಕ ಇದನ್ನು ಹಿಂದುಮುಂದು ಮಾಡಿ ಕೂರಿಸುತ್ತದೆ, ಒರಟಾದದ್ದು ತಪ್ಪುತ್ತದೆ. ಎರಡನೆಯದು ನಡುವೆ ಬರುವ ಇಂಗ್ಲಿಷ್. ಆಸ್ಕಿ ಕನ್ನಡವೂ ಇಂಗ್ಲಿಷೂ ಒಂದೇ ಅಕ್ಷರಗಳನ್ನು ಹಂಚಿಕೊಂಡಿವೆ. ಹೀಗಾಗಿ ಕಥೆಯೊಳಗಿನ ಇಂಗ್ಲಿಷ್ ಪದ, ಮೇಲ್ ವಿಳಾಸ ಎಲ್ಲವೂ ತಲೆಬುಡವಿಲ್ಲದ ಕನ್ನಡವಾಗಿ ಬರಬಹುದು. ‘ಸಾಫ್ಟ್‌ವೇರ್’ ಥರದ ಪದಗಳಲ್ಲಿ ವತ್ತು ಅಂಟಿಕೊಳ್ಳುವುದೂ ಉಂಟು. ಕೈಯಲ್ಲೇ ತಿದ್ದಿ.

ತಿದ್ದಿದ್ದನ್ನು ವರ್ಡ್ ಕಡತವಾಗಿಯೂ ಉಳಿಸಿ, ಬರೀ ಟೆಕ್ಸ್ಟ್ ಕಡತವಾಗಿಯೂ ಉಳಿಸಿ. ಟೆಕ್ಸ್ಟ್ ಉಳಿಸುವಾಗ ಎನ್‌ಕೋಡಿಂಗ್ ಕೇಳಿದರೆ ಯುಟಿಎಫ್-8 ಆರಿಸಿ. ಅದರಲ್ಲಿ ದಪ್ಪಕ್ಷರ, ಬಣ್ಣ ಏನೂ ಇರಲ್ಲ. ಆದರೆ ಅದನ್ನು ತೆರೆಯಲು ಯಾವ ಕಂಪನಿಯ ಅಪ್ಪಣೆಯೂ ಬೇಕಾಗಿಲ್ಲ. ಒಂದು ಪ್ರತಿ ಪೆನ್ ಡ್ರೈವ್‌ನಲ್ಲಿ, ಒಂದು ಗೂಗಲ್ ಡ್ರೈವ್‌ನಲ್ಲಿ, ಒಂದು ಮಗನ ಹತ್ತಿರ.

ಇಷ್ಟಾದ ಮೇಲೆ ಲಿನಕ್ಸ್. ಹೊಸಬರಿಗೆ ನಾನು ಹೇಳುವುದು ಲಿನಕ್ಸ್ ಮಿಂಟ್. ನಿಮ್ಮ 4 ಜಿಬಿಗೆ ಅದರ ಎಕ್ಸ್‌ಎಫ್‌ಸಿಇ ಆವೃತ್ತಿ ಹಗುರ. ಮಿಂಟ್ 22ರ ಸರಣಿಗೆ 2029ರವರೆಗೆ ಅಪ್‌ಡೇಟ್ ಇದೆ, ದುಡ್ಡಿಲ್ಲ, ಖಾತೆ ತೆರೆಯಬೇಕಾಗಿಲ್ಲ. ಕೆಳಗೆ ಪಟ್ಟಿ, ಎಡಮೂಲೆಯಲ್ಲಿ ಮೆನು, ನೀವು ಕಂಡ ವಿಂಡೋಸ್‌ನ ಹಾಗೆಯೇ. ‘ಅದು ಇಂಜಿನಿಯರುಗಳಿಗೆ’ ಅಂತ ಯಾರಾದರೂ ಅಂದರೆ ಪಕ್ಕದ ಕೇರಳ ತೋರಿಸಿ. ಅಲ್ಲಿನ ಸರ್ಕಾರಿ ಶಾಲೆಗಳಲ್ಲಿ ಎಷ್ಟೋ ವರ್ಷಗಳಿಂದ ಮಕ್ಕಳೂ ಟೀಚರುಗಳೂ ಲಿನಕ್ಸ್‌ನಲ್ಲೇ ಕೆಲಸ ಮಾಡುತ್ತಿದ್ದಾರೆ. ಗೂಗಲ್‌ನ ಕ್ರೋಮ್‌ಓಎಸ್ ಫ್ಲೆಕ್ಸ್ ಕೂಡ ಹಳೆಯ ಲ್ಯಾಪ್‌ಟಾಪಿಗೆ ಉಚಿತವಾಗಿ ಸಿಗುತ್ತದೆ. ಆದರೆ ಅದರಲ್ಲಿ ಎಲ್ಲವೂ ಗೂಗಲ್ ಖಾತೆಯ ಮೂಲಕ. ಒಂದು ಕಂಪನಿಯ ಕೈಯಿಂದ ಬಿಡಿಸಿಕೊಂಡು ಇನ್ನೊಂದರ ಕೈಗೆ ಕೊಡಲು ನನಗೆ ಮನಸ್ಸಿಲ್ಲ.

ಹಾಕುವ ಕ್ರಮ ಹೀಗಿರಲಿ. ಹಳೆಯ ಹಾರ್ಡ್ ಡಿಸ್ಕನ್ನು ಅಳಿಸಬೇಡಿ. ಅದನ್ನು ಬಿಚ್ಚಿ ತೆಗೆದಿಟ್ಟು, ಹೊಸ ಎಸ್‌ಎಸ್‌ಡಿಗೆ ಮಿಂಟ್ ಹಾಕಿಸಿ. ನಿಮ್ಮ ವಿಂಡೋಸ್, ಕಡತಗಳು ಇದ್ದ ಹಾಗೇ ಇರುತ್ತವೆ. ಮಿಂಟ್ ಹಿಡಿಸದಿದ್ದರೆ ಹಳೆಯದನ್ನೇ ವಾಪಸ್ ಕೂರಿಸಿ. ಅದಕ್ಕೂ ಮುಂಚೆ ಮಿಂಟ್ ಇರುವ ಪೆನ್ ಡ್ರೈವ್‌ನಿಂದ ಲ್ಯಾಪ್‌ಟಾಪ್ ಆನ್ ಮಾಡಿ ನೋಡಬಹುದು, ಏನನ್ನೂ ಹಾಕದೆ. ವೈಫೈ ಸಿಗುತ್ತಾ, ಸದ್ದು ಬರುತ್ತಾ, ಯೂಟ್ಯೂಬ್ ಓಡುತ್ತಾ ನೋಡಿ.

ಟೈಪಿಂಗ್ ಬಗ್ಗೆ ಹೆದರಿಕೆ ಬೇಡ. ನುಡಿಯಲ್ಲಿರುವ ಕೀಲಿಮಣೆ ಕೆ.ಪಿ. ರಾವ್ ಅವರು ರೂಪಿಸಿದ್ದು, ರಾಜ್ಯ ಸರ್ಕಾರವೂ ಒಪ್ಪಿಕೊಂಡದ್ದು. ಅದೇ ವಿನ್ಯಾಸ ಲಿನಕ್ಸ್‌ನಲ್ಲಿ ಕಗಪ (ಕನ್ನಡ ಗಣಕ ಪರಿಷತ್ತು) ಹೆಸರಲ್ಲಿ ಇದೆ. ಮೆನುವಿನಲ್ಲಿ ಇನ್‌ಪುಟ್ ಮೆಥಡ್ ಅಂತ ಹುಡುಕಿ, ಐಬಸ್ ಮತ್ತು ಎಂ17ಎನ್ ಎಂಬ ಟೈಪಿಂಗ್ ಪ್ರೋಗ್ರಾಂಗಳನ್ನು ಹಾಕಿಸಿ, ಕನ್ನಡದ ಕೆಳಗೆ ಕಗಪ ಆರಿಸಿ. ಟ ಬೇಕಾದರೆ ಕ್ಯೂ, ಡ ಬೇಕಾದರೆ ಡಬ್ಲ್ಯು, ಒತ್ತಕ್ಷರಕ್ಕೆ ನಡುವೆ ಎಫ್. ‘ಅಮ್ಮ’ ಅಂತ ಬರೆಯಲು ಎ, ಎಂ, ಎಫ್, ಎಂ. ನಿಮ್ಮ ಬೆರಳಿಗೆ ಏನೂ ಹೊಸದು ಕಲಿಸಬೇಕಾಗಿಲ್ಲ, ಬರುವುದು ಮಾತ್ರ ಯೂನಿಕೋಡ್. ಫಾಂಟ್‌ಗೆ ನೋಟೋ ಇದೆ, ನವಿಲು, ಗುಬ್ಬಿ ಇವೆ. ವರ್ಡ್ ಬದಲು ಲಿಬ್ರೆ ಆಫೀಸ್ ಬರುತ್ತದೆ, ಕಥೆ ಬರೆಯಲು ಧಾರಾಳವಾಗಿ ಸಾಕು. ಬದಲಿಸದೆ ಉಳಿದ ಆಸ್ಕಿ ಕಡತವನ್ನು ಓದಬೇಕಾದರೆ ನುಡಿಯ ಫಾಂಟ್ ಕಡತವನ್ನು ಲಿನಕ್ಸ್‌ಗೂ ಹಾಕಿಕೊಳ್ಳಬಹುದು. ಕೆಲವು ಪತ್ರಿಕೆಗಳವರು, ಪ್ರಕಾಶಕರು ಇವತ್ತಿಗೂ ‘ನುಡಿಯಲ್ಲೇ ಕಳಿಸಿ’ ಅನ್ನುತ್ತಾರೆ. ಅಂಥವರಿಗೆ ಯೂನಿಕೋಡ್‌ನಿಂದ ಆಸ್ಕಿಗೆ ಬದಲಿಸಿದ ಒಂದು ಪ್ರತಿ ಮಾಡಿ ಕಳಿಸಿ. ನಿಮ್ಮ ಹತ್ತಿರ ಇಟ್ಟುಕೊಳ್ಳುವ ಪ್ರತಿ ಯೂನಿಕೋಡ್ ಆಗಿರಲಿ.

ಟ್ಯಾಲಿ, ಕೋರಲ್‌ಡ್ರಾ, ಫೋಟೋಶಾಪ್ ಬಳಸುವವರಿಗೆ ನಾನು ಲಿನಕ್ಸ್ ಹೇಳುವುದಿಲ್ಲ. ಡಿಜಿಟಲ್ ಸಹಿಯ ಟೋಕನ್ ಬಳಸುವ ಲೆಕ್ಕಪತ್ರದವರಿಗೂ ತಲೆನೋವು ಜಾಸ್ತಿ. ನಿಮಗೆ ಇವು ಯಾವುದೂ ಬೇಕಾಗಿಲ್ಲ. ಬ್ಯಾಂಕ್ ಕೆಲಸ ಫೈರ್‌ಫಾಕ್ಸ್‌ನಲ್ಲೇ ಆಗುತ್ತದೆ.

ಉಳಿದದ್ದು ಪ್ರಿಂಟರ್. ಯಾವುದು ಅಂತ ನೀವು ಬರೆದಿಲ್ಲ. ಎಚ್‌ಪಿ ಆದರೆ ಬಹುಪಾಲು ಸಲೀಸು, ಲೇಸರ್‌ಜೆಟ್ 1020 ಥರದ ಹಳೆಯದಕ್ಕೆ ಮಾತ್ರ ಒಂದು ಪ್ಲಗಿನ್ ಹೆಚ್ಚಿಗೆ ಇಳಿಸಬೇಕು. ನಮ್ಮ ಊರುಗಳ ಝೆರಾಕ್ಸ್ ಅಂಗಡಿ, ಆಫೀಸುಗಳಲ್ಲೆಲ್ಲ ಕಾಣುವ ಕ್ಯಾನನ್ ಎಲ್‌ಬಿಪಿ 2900 ನಿಮ್ಮದಾಗಿದ್ದರೆ ಸ್ವಲ್ಪ ಕಷ್ಟವಿದೆ. ಅದು ಕ್ಯಾನನ್‌ನದೇ ಆದ ಕ್ಯಾಪ್ಟ್ ಎಂಬ ಭಾಷೆ ಮಾತಾಡುತ್ತದೆ. ಲಿನಕ್ಸ್‌ಗೆ ಡ್ರೈವರ್ (ಪ್ರಿಂಟರ್ ಓಡಿಸುವ ಪ್ರೋಗ್ರಾಂ) ಇದ್ದರೂ ಹಳೆಯದು, ಒಮ್ಮೆ ಕೂತರೆ ಕೂತಿತು, ಇಲ್ಲದಿದ್ದರೆ ಸತಾಯಿಸುತ್ತದೆ. ಅಂಥ ಪ್ರಿಂಟರ್ ಇದ್ದರೆ ಪೆನ್ ಡ್ರೈವ್‌ನಿಂದ ಪರೀಕ್ಷೆ ಮಾಡುವಾಗಲೇ ಮಗನ ಕೈಯಲ್ಲಿ ಡ್ರೈವರ್ ಹಾಕಿಸಿ ಒಂದು ಪುಟ ಪ್ರಿಂಟ್ ತೆಗೆಸಿ ನೋಡಿ. ಬರದಿದ್ದರೆ ಪಿಡಿಎಫ್ ಮಾಡಿ ಹೊರಗೆ ಪ್ರಿಂಟ್ ತೆಗೆಸುವುದೋ, ಪ್ರಿಂಟರ್ ಬದಲಿಸುವುದೋ ಆಮೇಲೆ ನೋಡೋಣ. ಮಾದರಿಯ ಸಂಖ್ಯೆ ಪ್ರಿಂಟರಿನ ಮುಂಭಾಗದಲ್ಲೇ ಇರುತ್ತದೆ, ಬರೆದು ಕಳಿಸಿ. ಜೊತೆಗೆ ನುಡಿಯ ಒಂದು ಹಳೆಯ ಕಡತವನ್ನೂ ಕಳಿಸಿ, ಯಾವ ಪರಿವರ್ತಕ ಅದಕ್ಕೆ ಸರಿಹೋಗುತ್ತದೆ ಅಂತ ನೋಡಿ ಹೇಳುತ್ತೇನೆ.